ಅತ್ತೆಯ ಬಹುವಚನ

ಅಳಿಯನ ಕಾರು ಅಂಗಳಕ್ಕೆ ಬಂದು ನಿಂತಾಗ ಒಡೀಲ್ ಬೂವರೆ ಅಡಿಗೆಮನೆಯ ಕಿಟಕಿಯಿಂದ ಮೊದಲು ನೋಡಿದ್ದು ಅದರ ಚಕ್ರಗಳನ್ನು. ಬೇಸಿಗೆಯ ಟೈರು, ಹಿಮದ ಮೇಲೆ ಹಿಡಿತವಿಲ್ಲದ್ದು. ಫೆಬ್ರವರಿಯಲ್ಲಿ ಜೂರಾ ಬೆಟ್ಟದ ಮೇಲಿನ ಊರಿಗೆ ಬೇಸಿಗೆಯ ಟೈರಿನಲ್ಲಿ ಬರುವ ಮನುಷ್ಯನ ವಿಚಾರದಲ್ಲಿ ಹೊಸದಾಗಿ ತಿಳಿಯಬೇಕಾದ್ದು ಏನೂ ಇಲ್ಲವೆಂದುಕೊಂಡು ಅವಳು ಸೂಪಿನ ಉರಿ ತಗ್ಗಿಸಿದಳು.

ಒಡೀಲ್‌ಳದು ಹಿಮದಲ್ಲೇ ಸವೆದ ಬದುಕು. ಚಿಕ್ಕಂದಿನಲ್ಲಿ ಹಾಲಿನ ಕ್ಯಾನುಗಳನ್ನು ಜಾರುಬಂಡಿಯ ಮೇಲೆ ಎಳೆದುಕೊಂಡು ಹೋಗಿ ಊರಿನ ಚೀಸ್ ಮನೆಗೆ ಮುಟ್ಟಿಸುತ್ತಿದ್ದಳು. ಮದುವೆಯಾದ ಮೇಲೆ ಅದೇ ಚೀಸ್ ಮನೆಯ ನೆಲಮಾಳಿಗೆಯಲ್ಲಿ, ಬಂಡಿಚಕ್ರದಂಥ ಚೀಸುಗಳನ್ನು ಉಪ್ಪುನೀರಿನಲ್ಲಿ ಉಜ್ಜಿ ಮಗುಚುವ ಕೆಲಸ. ಗಂಡ ರೆನೆ ತೀರಿಕೊಂಡದ್ದೂ ಚಳಿಗಾಲದಲ್ಲೇ. ನೆಲ ಕಲ್ಲಾಗಿದೆಯೆಂದು ಗುಂಡಿ ತೋಡುವವರು ಅವಳ ಎದುರಿಗೇ ಗೊಣಗಿದ್ದರು. ಅಂಥವಳಿಗೆ, ದುಡ್ಡು ಕೊಟ್ಟು ಬೆಟ್ಟದ ನೆತ್ತಿಗೇರಿ, ಜಾರಿ ಕೆಳಗೆ ಬಂದು, ಮತ್ತೆ ನೆತ್ತಿಗೇ ಹೋಗಲು ಸಾಲಿನಲ್ಲಿ ನಿಲ್ಲುವ ಜನರನ್ನು ಕಂಡರೆ ತಾತ್ಸಾರ. ಮಗಳು ಸೊಲೆನ್ ಮತ್ತು ಅಳಿಯ ಎಮೆರಿಕ್ ಪ್ರತಿ ವರ್ಷ ಪ್ಯಾರಿಸ್ಸಿನಿಂದ ಆಲ್ಪ್ಸ್ ಕಡೆ ಸ್ಕೀ ಆಡಲು ಹೋಗುವಾಗ ದಾರಿಯಲ್ಲಿ ಒಂದೆರಡು ದಿನ ಅವಳ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಗಂಡ ಹೋದ ಮೇಲೆ ಆ ಮನೆಗೆ ವರ್ಷಕ್ಕೊಮ್ಮೆಯಾದರೂ ಬರುತ್ತಿದ್ದ ನೆಂಟರು ಅವರಿಬ್ಬರೇ.

ಎಮೆರಿಕ್‌ನದು ಕಚೇರಿಗಳಿಗೆ ಹೋಗಿ, ಎಲ್ಲರೂ ಕೂಡಿ ಕೆಲಸ ಮಾಡುವುದು ಹೇಗೆಂದು ಕಲಿಸುವ ಉದ್ಯೋಗ. ಒಬ್ಬನೇ ಏನನ್ನೂ ಮಾಡಲಾರದವನಿಗೆ ತಕ್ಕ ಉದ್ಯೋಗವೆಂದು ಒಡೀಲ್ ನೆರೆಮನೆಯವಳ ಹತ್ತಿರ ಹೇಳಿದ್ದಳು. ಸೌದೆ ತರಲು ಹೇಳಿದರೆ ಒಣಗಿದ ರಾಶಿಯನ್ನು ಬಿಟ್ಟು ಹಸಿ ಸೌದೆ ತಂದು ಮನೆತುಂಬ ಹೊಗೆ ಎಬ್ಬಿಸುವವನು ಅವನು. ಸೂರಿನಿಂದ ಈಟಿಯಂತೆ ಇಳಿಬಿದ್ದು ಯಾವಾಗ ಬೇಕಾದರೂ ಕಳಚುವ ಹಿಮದ ಕಡ್ಡಿಯ ಕೆಳಗೇ ನಿಂತು ಅದರ ಫೋಟೋ ತೆಗೆಯುವವನು.

ಇಷ್ಟಾದರೂ ಅವಳು ಅವನನ್ನು ಎಂದೂ ಬೈದವಳಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದ್ದಳು: ಮದುವೆಯಾಗಿ ಇಷ್ಟು ವರ್ಷವಾದರೂ ಬಹುವಚನ ಬಿಟ್ಟಿರಲಿಲ್ಲ. ಆ ಊರಿನಲ್ಲಿ ಮನೆಯವರಿಗೆ, ನೆರೆಯವರಿಗೆ, ಹಸುಕರುಗಳಿಗೆ, ದೇವರಿಗೆ ಕೂಡ ಏಕವಚನ. ಬಹುವಚನವೇನಿದ್ದರೂ ಡಾಕ್ಟರಿಗೆ, ತೆರಿಗೆಯವರಿಗೆ, ದಾರಿ ತಪ್ಪಿ ಬಂದವರಿಗೆ. "ಕೂತ್ಕೊಳ್ಳಿ, ಎಮೆರಿಕ್ ಅವರೇ" ಎಂದು ಅವಳು ಅಂದಾಗಲೆಲ್ಲ ಅವನು ಹೊಸ್ತಿಲಾಚೆಗೇ ನಿಂತಂತಾಗುತ್ತಿತ್ತು.

ಈ ಸಲ ಸೊಲೆನ್ ಬಂದ ಸಂಜೆಯೇ ಅಮ್ಮನನ್ನು ಪಾತ್ರೆಗಳ ಮಧ್ಯೆ ಹಿಡಿದು ನಿಲ್ಲಿಸಿದಳು.

"ಅಮ್ಮಾ, ನಿನ್ನ 'ನೀವು' ಕೇಳಿ ಕೇಳಿ ಅವನಿಗೆ ಸಾಕಾಗಿದೆ. ನನಗೂ ಸಾಕಾಗಿದೆ. ಈ ಸಲವೂ ಹಾಗೇ ಅಂದ್ರೆ ಮುಂದಿನ ವರ್ಷದಿಂದ ನಾವು ಇಲ್ಲಿಗೆ ಬರಲ್ಲ. ನೆಟ್ಟಗೆ ಆಲ್ಪ್ಸ್‌ಗೇ ಹೋಗ್ತೀವಿ."

"ಮರ್ಯಾದೆ ಕೊಟ್ರೂ ತಪ್ಪಾ?"

"ಅದು ಮರ್ಯಾದೆ ಅಲ್ಲ ಅಂತ ನಿನಗೂ ಗೊತ್ತು."

ಗೊತ್ತಿತ್ತು. ಮಗಳು ಆಡಿದಂತೆ ಮಾಡುವವಳು ಎಂಬುದೂ ಗೊತ್ತಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಒಡೀಲ್ ಪ್ರಯತ್ನಪಟ್ಟಳು. ಆದರೆ 'ನೀನು' ಎನ್ನಲು ನಾಲಿಗೆ ಒಪ್ಪಲಿಲ್ಲ. ಹಾಗಾಗಿ ಅವಳು ನೀನು ನೀವು ಎರಡನ್ನೂ ಬಿಟ್ಟು ಗೋಡೆಗೆ ಹೇಳಿದ ಹಾಗೆ ಮಾತಾಡತೊಡಗಿದಳು. ಇನ್ನೊಂದು ಸೌಟು ಸೂಪು ಆಗಬಹುದೇನೋ ಎಂದಳು. ಬ್ರೆಡ್ಡು ಆ ಕಡೆ ಇದೆ ಎಂದಳು. ಎಮೆರಿಕ್ ಎಲ್ಲದಕ್ಕೂ ವಿನಯದಿಂದ ತಲೆಯಾಡಿಸಿದ. ಊಟ ಮುಗಿಯುವವರೆಗೂ ಹೀಗೇ ಸಾಗುತ್ತಿತ್ತೋ ಏನೋ, ಆದರೆ ಚೀಸ್ ಬಂತು.

ಎಮೆರಿಕ್ ಚಾಕು ತೆಗೆದುಕೊಂಡು ತ್ರಿಕೋನದ ಚೀಸ್ ತುಂಡಿನ ಚೂಪು ತುದಿಯನ್ನು, ಎಲ್ಲಕ್ಕಿಂತ ರುಚಿಯಾದ ಭಾಗವನ್ನು, ಅಡ್ಡಡ್ಡ ಕತ್ತರಿಸಿ ತನ್ನ ತಟ್ಟೆಗೆ ಹಾಕಿಕೊಂಡ. ಸಿಪ್ಪೆಯ ಕಡೆಯದು ಉಳಿದವರಿಗೆ.

"ನೀವು ಅದರ ಮೂಗನ್ನೇ ಕೊಯ್ದುಬಿಟ್ರಿ, ಎಮೆರಿಕ್ ಅವರೇ" ಎಂದಳು ಒಡೀಲ್. ಮಾತು ಬಾಯಿಂದ ಬಿದ್ದುಹೋಗಿತ್ತು. ಸೊಲೆನ್ ಎದ್ದು ತಟ್ಟೆಗಳನ್ನು ಒಟ್ಟಿಕೊಂಡಳು.

ಇನ್ನೊಂದು ದಿನ ಇರಬೇಕಾಗಿದ್ದವರು ಬೆಳಿಗ್ಗೆಯೇ ಸಾಮಾನು ಕಾರಿಗೆ ತುಂಬಿದರು. ಇರುಳೆಲ್ಲ ಹಿಮ ಬಿದ್ದಿತ್ತು. ಎಮೆರಿಕ್ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಕಟ್ಟುವ ಸರಪಳಿಯನ್ನು ಪೆಟ್ಟಿಗೆಯಿಂದ ತೆಗೆದು, ಫೋನಿನಲ್ಲಿ ನೋಡಿಕೊಂಡು, ಮಂಡಿಯೂರಿ ಕಟ್ಟಿದ. ಮಗಳು ಅಮ್ಮನ ಕೆನ್ನೆಗೆ ತುಟಿ ತಾಗಿಸಿದಂತೆ ಮಾಡಿ ಹತ್ತಿ ಕುಳಿತಳು. ಒಡೀಲ್ ಏಪ್ರನ್ನಿನಲ್ಲೇ ಬಾಗಿಲಲ್ಲಿ ನಿಂತಿದ್ದಳು. ಇನ್ನು ಇವರು ಬರುವುದಿಲ್ಲ ಎಂಬುದು ಅವಳಿಗೆ ಖಚಿತವಾಗಿತ್ತು.

ಕಾರು ಅಂಗಳದ ಏರಿನಲ್ಲಿ ಅರ್ಧ ಹೋಗಿ, ಗಿರ್ರೆಂದು ಚಕ್ರ ತಿರುಗಿಸಿ, ಅಡ್ಡಡ್ಡ ಜಾರುತ್ತ ಅವಳ ಸೌದೆರಾಶಿಗೆ ಬಂದು ಆನಿಕೊಂಡಿತು. ಎಮೆರಿಕ್ ಮತ್ತೆ ಪೆಡಲು ಒತ್ತಿದ. ಆಗ ಒಡೀಲ್‌ಗೆ ಕಂಡಿತು, ಸರಪಳಿ ಇದ್ದದ್ದು ಹಿಂದಿನ ಚಕ್ರಕ್ಕೆ. ಅವಳು ಚಪ್ಪಲಿಯಲ್ಲೇ ಹಿಮಕ್ಕೆ ಇಳಿದು ಓಡಿದಳು.

"ನಿಲ್ಲಿಸೋ ಕತ್ತೆ! ನಿನ್ನ ಕಾರನ್ನ ಎಳೆಯೋದು ಮುಂದಿನ ಚಕ್ರ ಕಣೋ. ಇಳಿ ಕೆಳಗೆ. ಕೈಗೆ ಏನಾದ್ರೂ ಕೊಟ್ಟರೆ ಕೆಡಿಸೋದೊಂದೇ ಗೊತ್ತು ನಿನಗೆ."

ಎಮೆರಿಕ್ ಇಳಿದ. ಮಂಡಿಯವರೆಗೆ ಹಿಮದಲ್ಲಿ ಹೂತು ನಿಂತು ಅವಳನ್ನೇ ನೋಡಿದ. ಅವನ ಮುಖವೆಲ್ಲ ಅರಳಿತು.

"ಏನಂದ್ರಿ, ಅತ್ತೆ?"

ಒಡೀಲ್‌ಳ ಕಿವಿಗೆ ತಾನಾಡಿದ್ದು ಆಗ ಬಿತ್ತು. ವಾಪಸು ತೆಗೆದುಕೊಳ್ಳೋಣವೆಂದರೆ ಕಾರಿನ ಕಿಟಕಿಯಿಂದ ಮಗಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ನಗಬೇಡ. ಹಲ್ಲಿಗೆ ಚಳಿ ಹತ್ತುತ್ತೆ. ಆ ತುದಿ ಹಿಡ್ಕೋ" ಎಂದು ಅಳಿಯನಿಗೆ ಹೇಳಿ ಅವಳೇ ಸರಪಳಿ ಬಿಚ್ಚಿ ಮುಂದಿನ ಚಕ್ರಕ್ಕೆ ಕಟ್ಟಿದಳು. ಅವನು ತುದಿಯನ್ನೂ ತಪ್ಪಾಗಿಯೇ ಹಿಡಿದಿದ್ದ.

ಮರುದಿನ ಸಂಜೆ ಸೊಲೆನ್ ಫೋನು ಮಾಡಿದಳು. ಎಮೆರಿಕ್ ಮೊದಲ ಸಲ ಜಾರುವಾಗಲೇ ಬಿದ್ದು ಕಣಕಾಲು ಉಳುಕಿಸಿಕೊಂಡಿದ್ದ. ಸ್ಕೀ ಹಲಗೆಗಳನ್ನು ಗೋಡೆಗೆ ಒರಗಿಸಿ, ಹೋಟೆಲಿನ ಕಿಟಕಿಯಲ್ಲಿ ಕಾಲು ಚಾಚಿ ಕೂತು, ಬಂದವರಿಗೆಲ್ಲ ಅತ್ತೆ ತನ್ನನ್ನು ಕತ್ತೆ ಎಂದದ್ದನ್ನೇ ಹೇಳುತ್ತಿದ್ದನಂತೆ. ಕತ್ತೆಗೆ ಅದೂ ಹೆಮ್ಮೆಯೇ ಎಂದುಕೊಂಡ ಒಡೀಲ್, ಫೋನನ್ನು ಅವನ ಕೈಗೆ ಕೊಡಲು ಹೇಳಿದಳು.

"ಅತ್ತೆ, ಬಿದ್ದುಬಿಟ್ಟೆ" ಎಂದ ಎಮೆರಿಕ್. ಅವನು ಯಾವ ಮಾತಿಗೆ ಕಾಯುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು.

"ಬೀಳದೆ ಇನ್ನೇನ್ ಮಾಡ್ತೀಯ ನೀನು" ಎಂದಳು ಒಡೀಲ್. "ವಾಪಸ್ ಹೋಗುವಾಗ ಇಲ್ಲಿಗೆ ಬಾ. ಕಾರು ಸೊಲೆನ್ ಓಡಿಸಲಿ. ಚೀಸ್ ಮಾತ್ರ ನೀನು ಮುಟ್ಟಬೇಡ, ನಾನೇ ಕೊಯ್ದು ಕೊಡ್ತೀನಿ."