ಅರಳೆ ತುಂಬಿದ ಗಿಟಾರು

ನಾನು ಮಾಡಿದ ಮೊದಲ ಗಿಟಾರನ್ನು ಕೊಂಡವರಿಗೆ ಅದು ಸಪ್ಪಳ ಮಾಡುವುದು ಬೇಡವಾಗಿತ್ತು. ಯಾರಿಗೆ ಹೇಳಿದರೂ ನಗುತ್ತಾರೆ. ನನಗೆ ಆಗಲೂ ನಗು ಬರಲಿಲ್ಲ, ಈಗಲೂ ಪೂರ್ತಿ ಬಂದಿಲ್ಲ.

ರಾಯಚೂರಿನ ತೀನ್ ಕಂದಿಲ್ ಹಿಂದಿನ ಓಣಿಯಲ್ಲಿ ನಮ್ಮದು ವಾದ್ಯದ ಅಂಗಡಿ. ಅಬ್ಬಾ, ಎಂದರೆ ನಮ್ಮಪ್ಪ, ಗವಾಯಿಗಳಿಗೆ ತಂಬೂರಿ, ಭಜನೆಯವರಿಗೆ ಏಕತಾರಿ ಮಾಡುತ್ತಿದ್ದರು. ಹಾರ್ಮೋನಿಯಂ ರಿಪೇರಿ ನನ್ನ ಪಾಲಿನದು. ಮನೆಯಲ್ಲಿ ದಖನಿ ಉರ್ದು, ಅಂಗಡಿಯ ಕಟ್ಟೆ ಹತ್ತಿದೊಡನೆ ಕನ್ನಡ. ಅಬ್ಬಾ ಎರಡರಲ್ಲೂ ಕಡಿಮೆಯೇ ಮಾತಾಡುತ್ತಿದ್ದರು.

ಅವರದೊಂದು ರೂಢಿ ಇತ್ತು. ವಾದ್ಯ ಅಂಗಡಿ ಬಿಡುವ ಮುಂಚೆ ಅದರ ಬೆನ್ನ ಮೇಲೆ ಅಂಗೈ ಇಟ್ಟು, ನನ್ನಿಂದ ತಂತಿ ಮೀಟಿಸಿ, ಗುಂಗು ಕೈಗೆ ಹತ್ತಿದ ಮೇಲೆ ‘ಜಾ’ ಎನ್ನುತ್ತಿದ್ದರು. ಹೋಗು ಎಂದು ಅರ್ಥ. ಅಕ್ಕನನ್ನು ಗಂಡನ ಮನೆಗೆ ಕಳಿಸುವಾಗಲೂ ಅಷ್ಟೇ ಹೇಳಿದ್ದರು. ಗಿರಾಕಿ ಎದುರಿಗೇ ಕೂತಿರಲಿ, ‘ಜಾ’ ಬರದಿದ್ದರೆ ಆ ತಂಬೂರಿ ಮತ್ತೆ ಬಿಚ್ಚಿಸಿಕೊಳ್ಳಬೇಕು. ಇಪ್ಪತ್ತೈದು ದಾಟಿದರೂ ನಾನೊಬ್ಬನೇ ಕೂತು ಮೊದಲಿನಿಂದ ಕೊನೆಯವರೆಗೆ ಒಂದು ವಾದ್ಯ ಮಾಡಿರಲಿಲ್ಲ. ನನ್ನ ಕೆಲಸಕ್ಕೆ ಆ ಒಂದು ಮಾತು ಬೇಕೆಂಬ ಆಸೆ ನನಗೆ ಹಸಿವಿನ ಹಾಗೆ ಹತ್ತಿಕೊಂಡಿತ್ತು.

ಎಪ್ಪತ್ತರ ದಶಕದ ಕೊನೆಗೆ ದೇವದುರ್ಗದಲ್ಲಿ ಒಂದು ನಾಟಕ ಕಂಪನಿ ಕ್ಯಾಂಪು ಹಾಕಿತ್ತು. ಅದರ ಮಾಲೀಕರು ಒಂದು ದಿನ ಅಂಗಡಿಗೆ ಬಂದರು.

“ಸಿನೆಮಾದಾಗ ಹೀರೋ ಹಿಡಕೊಂಡು ಕುಣಿತಾನಲ್ರೀ, ಗಿಟಾರು, ಅಂಥಾದ್ದೊಂದು ಮಾಡಿಕೊಡ್ರಿ. ಹೈದರಾಬಾದಿನಾಗ ಸಿಗತಾವ ಖರೆ, ಆದ್ರ ತೆಳ್ಳಗ ಇರತಾವ. ನಮ್ಮ ಲಾರ್‍ಯಾಗ ಪರದೆ ಜೋಡಿ ಹಾಕಿದ್ರ ಪುಡಿಪುಡಿ ಆಗತಾವ. ನಮಗ ಗಟ್ಟಿ ಬೇಕು.”

“ನಾವು ಅದನ್ನ ಮಾಡಂಗಿಲ್ರಿ” ಎಂದರು ಅಬ್ಬಾ.

“ಮಾಡ್ತೀನ್ರಿ” ಎಂದೆ ನಾನು, ಅವರ ಮಾತು ಮುಗಿಯುವ ಮೊದಲೇ.

ನನ್ನ ಧೈರ್ಯಕ್ಕೆ ಒಂದು ಹಳೆಯ ದಿನಪತ್ರಿಕೆ ಕಾರಣ. ಹಿಂದೊಮ್ಮೆ ಚರ್ಚಿನಲ್ಲಿ ಹಾಡು ಕಲಿಸುವ ಮಾಸ್ತರರೊಬ್ಬರು ಸೀಳು ಬಿಟ್ಟ ಗಿಟಾರನ್ನು ರಿಪೇರಿಗೆ ತಂದಿದ್ದರು. ಅದರ ತಂತಿ ಲೋಹದ್ದಲ್ಲ, ನೈಲಾನಿನದು. ಮುಟ್ಟಿದರೆ ಮೆತ್ತಗೆ ಉಲಿಯುತ್ತಿತ್ತು. ಕೊಡುವ ಮುಂಚೆ ಅದನ್ನು ಪತ್ರಿಕೆಯ ಮೇಲೆ ಮಲಗಿಸಿ ಸುತ್ತ ಪೆನ್ಸಿಲ್ ಎಳೆದು ಇಟ್ಟುಕೊಂಡಿದ್ದೆ. ಆ ಗೆರೆ ಬಿಟ್ಟರೆ ಗಿಟಾರಿನ ಬಗ್ಗೆ ನನಗೆ ತಿಳಿದದ್ದು ಅಷ್ಟಕ್ಕಷ್ಟೇ.

ತೆಳು ಹಲಗೆಯನ್ನು ನೀರಲ್ಲಿ ನೆನೆಸಿ, ಕಾದ ಕೊಳವೆಗೆ ಒತ್ತಿ ಒತ್ತಿ ಗಿಟಾರಿನ ಸೊಂಟಕ್ಕೆ ಬಗ್ಗಿಸಿದೆ. ಎರಡು ಹಲಗೆ ಮುರಿದವು, ಮೂರನೆಯದು ಮಾತು ಕೇಳಿತು. ತಂತಿಗೆ ಸಂತೆಯಿಂದ ಮೀನು ಹಿಡಿಯುವ ಗಾಳದ ದಾರ ತಂದೆ. ಕೊರಳಿನ ಮೇಲೆ ಬೆರಳೊತ್ತುವ ಮೆಟ್ಟುಗಳನ್ನು ಎಲ್ಲೆಲ್ಲಿ ಕೂರಿಸಬೇಕೆಂದು ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಕಿವಿಯಿಂದಲೇ ಹುಡುಕಿದೆ. ತಂತಿಯನ್ನು ಹೊರುವ ಕುದುರೆ ಮಾತ್ರ ನನ್ನ ಕೈ ತನ್ನಷ್ಟಕ್ಕೆ ಮಾಡಿಬಿಟ್ಟಿತು. ತಂಬೂರಿಗೆ ಇರುವ ಹಾಗೆ ಅಗಲ, ಮೇಲೆ ಸ್ವಲ್ಪ ಉಬ್ಬು. ಬೇರೆ ಥರ ಇರಬಹುದೆಂಬುದೇ ಹೊಳೆಯಲಿಲ್ಲ.

ಅಬ್ಬಾ ಒಮ್ಮೆ ಮಾತ್ರ ಹತ್ತಿರ ಬಂದು ಬಗ್ಗಿ ನೋಡಿದರು. “ಇದರ ಹೊಟ್ಟೆಯಲ್ಲಿ ಗಾಳಿ ಎಲ್ಲಿ ತಿರುಗುತ್ತೆ?” ಎಂದು ದಖನಿಯಲ್ಲಿ ಕೇಳಿದರು. ಗೊತ್ತಿಲ್ಲ ಎಂದೆ. ಅವರು ತಮ್ಮ ತಂಬೂರಿಗೆ ಮರಳಿದರು.

ಕೆಲಸ ಮುಗಿದ ದಿನ ಗಿಟಾರನ್ನು ಅವರ ಮುಂದೆ ಹಿಡಿದೆ, ಅದರ ಬೆನ್ನು ಅವರ ಕಡೆ ಮಾಡಿ. ಅಬ್ಬಾ ಕೈ ಎತ್ತಿದರು. ಅರ್ಧಕ್ಕೆ ನಿಲ್ಲಿಸಿ ಕೆಳಗಿಟ್ಟರು.

“ಇದು ಏನು ಅಂತಲೇ ನನಗೆ ಗೊತ್ತಿಲ್ಲ. ಎಲ್ಲಿಗೆ ಹೋಗು ಅಂತ ಹೇಳಲಿ?”

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ನಾನೂ ಸಿಟ್ಟಾಗಬಹುದಿತ್ತು. ಖರೇ ಗೊತ್ತಿಲ್ಲದೆ ಹೇಳಿದ್ದರು. ಗಿಟಾರನ್ನು ಚಾದರದಲ್ಲಿ ಸುತ್ತಿದೆ.

ದೇವದುರ್ಗದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರು “ಕೂಸಿಗೆ ಮಾರಿ ಮುಚ್ಚಬ್ಯಾಡ್ರಿ, ಉಸರು ಹಿಡದೀತು” ಎಂದು ಮುಂದೆ ಹೋದ.

ತಗಡಿನ ಥಿಯೇಟರಿನೊಳಗೆ ಮಧ್ಯಾಹ್ನದ ತಾಲೀಮು ನಡೆದಿತ್ತು. ಹೀರೋ ಪಾತ್ರದವನು ಗಿಟಾರು ಕೊರಳಿಗೆ ಹಾಕಿಕೊಂಡು ಕನ್ನಡಿ ನೋಡಿಕೊಂಡ. ತಾಯಿ ಪಾತ್ರ ಮಾಡುವ ಹೆಣ್ಣುಮಗಳೊಬ್ಬಳು ಬದಿಗೆ ಕೂತು ಅಕ್ಕಿ ಆರಿಸುತ್ತಿದ್ದಳು. ಹಾಡು ಶುರುವಾಯಿತು. ಕೆಳಗೆ ಕಂಪನಿಯ ಮಾಸ್ತರರು ಹಾರ್ಮೋನಿಯಂ ಬಾರಿಸುತ್ತಿದ್ದರು, ಮೇಲೆ ಹೀರೋ ಕೈಯಾಡಿಸುತ್ತಿದ್ದ. ಅವನ ಉಂಗುರ ತಂತಿಗೆ ತಾಗಿ ಗಿಟಾರು ಒಮ್ಮೆ ಝುಂ ಎಂದಿತು.

ಮಾಲೀಕರು ಹಾಡು ನಿಲ್ಲಿಸಿದರು. “ಏನ್ರೀ ಇದು? ಸಪ್ಪಳಾ ಮಾಡಾಕತ್ತದಲ್ಲ!”

“ಗಿಟಾರು ಅಂದಮ್ಯಾಲೆ ಸಪ್ಪಳಾ ಮಾಡ್ತದ್ರಿ” ಎಂದೆ.

“ಮಾಡಬಾರದ್ರೀ. ಸಪ್ಪಳಾ ಮಾಸ್ತರು ಮಾಡ್ತಾರ. ಇದು ಬರೇ ಹಿಡಿಯೋದಕ್ಕ. ಮ್ಯಾಲೆ ಒಂದು ಸ್ವರ, ಕೆಳಗ ಒಂದು ಸ್ವರ ಬಂದ್ರ ಮಂದಿ ಕಲ್ಲು ಒಗೀತಾರ.”

ತಂತಿ ತೆಗೆಯೋಣವೆಂದರೆ ಅದೂ ಆಗದು, ಮುಂದಿನ ಸಾಲಿನವರಿಗೆ ತಂತಿ ಕಾಣಬೇಕು. ಕೊನೆಗೆ ಹಳೆಯ ಗಾದಿಯೊಂದನ್ನು ಹರಿದು ಅರಳೆ ತಂದರು. ಆ ಗಿಟಾರಿನ ಹೊಟ್ಟೆಗೆ ನನ್ನ ಕೈಯಿಂದಲೇ ಅರಳೆ ತುಂಬಿಸಿದರು. ತುಂಬುತ್ತಾ ತುಂಬುತ್ತಾ ಅದರ ದನಿ ಕುಗ್ಗಿತು, ಕಡೆಗೆ ಹಲಗೆ ಬಡಿದಂತಾಯಿತು. ಮಾಲೀಕರಿಗೆ ಖುಷಿ. ಖುಷಿಯಲ್ಲೇ ಚೌಕಾಸಿಗೂ ಇಳಿದರು: “ಬಾರಸೋದಿಲ್ಲ ಅಂದಮ್ಯಾಲೆ ಬಾರಸೋದರ ರೇಟು ಯಾಕ್ರೀ?”

ಕೊಟ್ಟಷ್ಟು ತೆಗೆದುಕೊಂಡೆ. ಹೊರಡುವಾಗ ಅಕ್ಕಿ ಆರಿಸುತ್ತಿದ್ದ ಆ ಹೆಣ್ಣುಮಗಳು “ಚಲೋ ಅಂತಿತ್ತಲ್ರೀ, ಯಾಕ ಬಾಯಿ ಮುಚ್ಚಿದ್ರಿ?” ಎಂದಳು. ನಾನು ಖಾಲಿ ಚಾದರ ಮಡಚಿ ಬಗಲಿಗಿಟ್ಟುಕೊಂಡೆ.

ಮನೆಯಲ್ಲಿ ಅಬ್ಬಾ ಕೇಳಿದರು, ಏನಂದರು ಎಂದು. ಸಪ್ಪಳ ಮಾಡಬಾರದು ಅಂದರು ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ಚಹಾ ಕುಡಿದು ಮುಗಿಸಿದರು.

ಆಮೇಲೆ ನಾನು ಗಿಟಾರು ಮಾಡಲಿಲ್ಲ. ಎಂಬತ್ತರ ದಶಕ ಹತ್ತಿತು, ಮದುವೆಗಳಿಗೆ ಆರ್ಕೆಸ್ಟ್ರಾ ಬಂತು, ಉದ್ದ ಕೂದಲಿನ ಹುಡುಗರು ಬಂದು ಗಿಟಾರು ಮಾಡ್ತೀರೇನ್ರಿ ಎಂದು ಕೇಳತೊಡಗಿದರು. ಇಲ್ಲ ಎನ್ನುತ್ತಿದ್ದೆ. ನನಗೆ ಬರುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ನಾನು ಮಾಡಿದ್ದು ಗಿಟಾರೋ, ಗಿಟಾರಿನ ಆಕಾರದ ಡಬ್ಬಿಯೋ? ಬಲ್ಲವರು ಯಾರೂ ಅದನ್ನು ಬಾರಿಸಿರಲಿಲ್ಲ, ಅಬ್ಬಾ ಅದನ್ನು ಮುಟ್ಟಿರಲಿಲ್ಲ. ಮಾರಿದ ವಸ್ತುವಿನ ಬಗ್ಗೆ ಇಷ್ಟು ಗೊಂದಲಪಟ್ಟ ವ್ಯಾಪಾರಿ ನಮ್ಮ ಬಜಾರದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಹೀಗಿರುವಾಗ ಹಾರ್ಮೋನಿಯಂ ರಿಪೇರಿಗೆ ಬಂದ ಪೋತ್ನಾಳದ ಭಜನೆಯವರೊಬ್ಬರು ಸುದ್ದಿ ಹೇಳಿದರು. ಆ ನಾಟಕ ಕಂಪನಿ ಮುಂದೆ ಮಾನ್ವಿ ಕ್ಯಾಂಪಿನಲ್ಲಿ ಮುಚ್ಚಿಹೋಗಿತ್ತು. ತಾಯಿ ಪಾತ್ರದ ಹೆಣ್ಣುಮಗಳು ಅಲ್ಲೇ ಉಳಿದು ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ಹಾಕಿದ್ದಳು. “ಅಕಿ ಹಂತ್ಯಾಕ ಒಂದು ಡೊಳ್ಳಹೊಟ್ಟಿ ವಾದ್ಯ ಅದ ನೋಡ್ರಿ, ಏನಂತಾರ ಅದಕ್ಕ?”

ಅದೇ ತಿಂಗಳು ಮಾನ್ವಿಯಲ್ಲಿ ಸಂಬಂಧಿಕರ ಮದುವೆ ಇತ್ತು. ಅಬ್ಬಾರ ಜೊತೆ ಹೋದೆ. ಗಿಟಾರನ್ನು ಮರಳಿ ಕೊಳ್ಳಬೇಕು, ಬಲ್ಲವರ ಕೈಗೆ ಕೊಟ್ಟು ಒಮ್ಮೆ ಬಾರಿಸಿ ಕೇಳಬೇಕು, ಒಳ್ಳೆಯದಾಗಿದ್ದರೆ ಅಬ್ಬಾರ ಕೈಯನ್ನು ಹಿಡಿದಾದರೂ ಅದರ ಮೇಲೆ ಇಡಿಸಬೇಕು ಎಂದು ಲೆಕ್ಕ ಹಾಕಿದ್ದೆ. ಅಬ್ಬಾರಿಗೆ ಹೇಳಲಿಲ್ಲ. ಚಹಾ ಕುಡಿಯೋಣ ಎಂದು ಆ ಖಾನಾವಳಿಗೆ ಕರೆದುಕೊಂಡು ಹೋದೆ.

ಗೋಡೆಯ ಮೊಳೆಗೆ ತೂಗುಬಿಟ್ಟಿತ್ತು ನನ್ನ ಗಿಟಾರು. ಎಣ್ಣೆ ಮಸಿ ಹತ್ತಿ ಕಪ್ಪಾಗಿತ್ತು. ಆಕೆ ನನ್ನನ್ನು ಗುರುತಿಸಿದಳು.

“ಅರಳಿ ಎಲ್ಲಾ ಕಿತ್ತಿ ತಲಿದಿಂಬಿಗೆ ಹಾಕೀನ್ರಿ. ನಿಮ್ಮ ದಾರ ಹರದುಹೋದ್ವು, ತಂಬೂರಿ ತಂತಿ ಹಾಕಿಸೀನಿ. ಬಾಳ ಗಟ್ಟಿ ಮಾಡೀರಿ, ಏನೂ ಆಗಿಲ್ಲ.”

“ಯಾರರ ಬಾರಿಸ್ಯಾರೇನ್ರಿ ಇದನ್ನ, ಬಲ್ಲವರು?”

“ದವಾಖಾನಿ ನರ್ಸಬಾಯಿ ಊಟಕ್ಕ ಬರ್ತಾರ್‍ರಿ, ಕೇರಳದವ್ರು, ಅವರಿಗೆ ಗಿಟಾರು ಬರ್ತದ. ಒಮ್ಮೆ ಬಾರಿಸಿ ನೋಡಿದ್ರು. ಝುಂ ಅಂತದ, ಇದು ಗಿಟಾರಿಗೆ ರೋಗ, ಕುದುರಿ ಸರಿಯಿಲ್ಲ ಅಂದ್ರು.”

ಇಷ್ಟು ವರ್ಷ ಕಾದದ್ದಕ್ಕೆ ಸಿಕ್ಕ ಉತ್ತರ ಅದು. ನಾಚಿಕೆಯಿಂದ ಮೈ ಹಿಡಿಯಾಯಿತು. ಅಬ್ಬಾ ಪಕ್ಕದ ಬೆಂಚಿನಲ್ಲಿ ಬಶಿಗೆ ಚಹಾ ಸುರಿದುಕೊಳ್ಳುತ್ತಿದ್ದರು.

“ನನಗ ಕೊಡ್ರಿ ಅದನ್ನ. ಕೇಳಿದಷ್ಟು ಕೊಡ್ತೀನಿ” ಎಂದೆ.

“ಅಯ್ಯ, ಕೊಟ್ಟು ನಾ ಏನು ಹಿಡಕೊಂಡು ಹಾಡ್ಲಿ?” ಎಂದು ಆಕೆ ಅದನ್ನು ಇಳಿಸಿ ತೊಡೆಯ ಮೇಲೆ ನಿಲ್ಲಿಸಿಕೊಂಡಳು. ಒಂದೊಂದು ತಂತಿಯ ಕೆಳಗೂ ಕುದುರೆಯ ಮೇಲೆ ದಾರದ ಎಳೆ ಸಿಕ್ಕಿಸಿದ್ದಳು, ತಂಬೂರಿಗೆ ಗುಂಗು ಬರಿಸಲು ಮಾಡುವ ಹಾಗೆ. ಮೀಟಿದಳು. ಮೀಟಿ ಸಣ್ಣ ದನಿಯಲ್ಲಿ ಹಾಡತೊಡಗಿದಳು.

ಏನೆಂದು ಬರೆಯಲಿ! ನರ್ಸಬಾಯಿ ರೋಗ ಎಂದ ಆ ಝುಂಕಾರ ಖಾನಾವಳಿ ತುಂಬ ನಿಂತಿತು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ನಾನು ಖುಷಿಪಡಬೇಕೋ ಅಳಬೇಕೋ ತಿಳಿಯದೆ ಅಬ್ಬಾರ ಕಡೆ ನೋಡಿದರೆ ಅವರು ಬೆಂಚಿನಲ್ಲಿ ಇರಲಿಲ್ಲ. ಎದ್ದು ಆಕೆಯ ಹಿಂದೆ ಹೋಗಿ ನಿಂತಿದ್ದರು. ಬಗ್ಗಿ ಗಿಟಾರಿನ ಬೆನ್ನಿಗೆ ಅಂಗೈ ಇಟ್ಟರು. ಕಣ್ಣು ಮುಚ್ಚಿ ಬಹಳ ಹೊತ್ತು ಇಟ್ಟೇ ಇದ್ದರು.

“ಯ್ಹಾಂಚ್ ರಹ” ಎಂದರು. ಇಲ್ಲೇ ಇರು.

ಕೊಳ್ಳಲು ತಂದ ಹಣ ಜೇಬಿನಲ್ಲೇ ಉಳಿಯಿತು.

ವಾಪಸು ಬರುವ ಬಸ್ಸಿನಲ್ಲಿ ತಡೆಯಲಾಗದೆ ಕೇಳಿದೆ: “ಅಬ್ಬಾ, ಅದು ಗಿಟಾರೋ ತಂಬೂರಿಯೋ?”

“ನನಗೇನು ಗೊತ್ತು” ಎಂದು ಅವರು ಕಿಟಕಿಗೆ ತಲೆ ಆನಿಸಿ ಮಲಗಿದರು. ಅದು ನನ್ನ ಕೈಯದೆಂದು ಅಂಗೈ ಇಟ್ಟಿದ್ದರೋ, ಬರೀ ಆ ಗುಂಗಿಗೆ ಇಟ್ಟಿದ್ದರೋ, ಅದೂ ನನಗೆ ತಿಳಿಯಲಿಲ್ಲ. ಊರು ಬರುವವರೆಗೂ ಅದನ್ನೇ ತಿರುವಿ ತಿರುವಿ ಯೋಚಿಸುತ್ತಾ ಕೂತಿದ್ದೆ.

ಕೆಲವು ದಿನಗಳಾದ ಮೇಲೆ ಮತ್ತೊಬ್ಬ ಆರ್ಕೆಸ್ಟ್ರಾದವನು ಅಂಗಡಿಗೆ ಬಂದು ಅದೇ ಪ್ರಶ್ನೆ ಕೇಳಿದ, ಗಿಟಾರು ಮಾಡ್ತೀರೇನ್ರಿ ಎಂದು. ನಾನು ಇಲ್ಲ ಎನ್ನಲು ಬಾಯಿ ತೆರೆದಿದ್ದೆ. ಒಳಗೆ ತಂಬೂರಿಯ ಬಿರಡೆ ಕೆತ್ತುತ್ತಿದ್ದ ಅಬ್ಬಾ ತಲೆ ಎತ್ತದೆ ಹೇಳಿದರು:

“ಮಾಡ್ತಾನ್ರಿ ನನ್ನ ಮಗ. ಸಪ್ಪಳಾ ಬೇಕೋ ಬ್ಯಾಡೋ, ಅದನ್ನ ಮೊದಲ ಹೇಳಿಬಿಡ್ರಿ.”