ಹೆಣ್ಮಕ್ಕಳಿಗೆ ಯಾರ್ ಅಂಜ್ತಾರ್ರಿ?

ಚುನಾವಣೆ ಸಮೀಕ್ಷೆಗೆಂದು ಜುಗೂಳ ಎಂಬ ಹಳ್ಳಿಗೆ ಹೋಗಿದ್ದೆ. ಕಬ್ಬಿನ ಹೊಲದ ಬದುವಿನ ಮೇಲೆ ರೈತರೊಬ್ಬರು ಕೂತಿದ್ದರು. "ಹೆಣ್ಮಗಳು ಶಾಸಕಿ ಆದ್ರ ಹೆಂಗ್ರಿ ಕಾಕಾ?" ಎಂದು ಕೇಳಿದೆ.

"ಆಗೂದಿಲ್ಲ ಬಿಡ್ರಿ. ನಾಯಕ ಅಂದ್ರ ದನಿ ಕೇಳಿದ್ರ ಮಂದಿ ಅಂಜಬೇಕು. ಹೆಣ್ಮಕ್ಕಳಿಗೆ ಯಾರ್ ಅಂಜ್ತಾರ್ರಿ?"

ಅಷ್ಟರಲ್ಲಿ ಹೊಲದ ಆಚೆ ತುದಿಯಿಂದ ಅವರ ಹೆಂಡತಿಯ ಕೂಗು ಬಂತು. "ಕೇಳಸ್ತೇನ್ರಿ? ಮೋಟಾರ್ ಬಂದ್ ಮಾಡ್ರಿ! ನೀರೆಲ್ಲಾ ರಸ್ತೇಕ ಹೊಂಟೈತಿ!"

ಕಾಕಾ ಒಂದೇ ಚಪ್ಪಲಿ ಮೆಟ್ಟಿಕೊಂಡು ಓಡಿದರು. ಏದುಸಿರು ಬಿಡುತ್ತ ವಾಪಸ್ ಬಂದು, "ಎಲ್ಲಿತನಕ ಬಂದಿದ್ವಿರಿ?" ಎಂದರು.

"ಹೆಣ್ಮಕ್ಕಳಿಗೆ ಯಾರೂ ಅಂಜೂದಿಲ್ಲ ಅಂತಿದ್ರಿ."

"ಹೌದ್ರಿ, ಹಂಗ ಬರಕೋರಿ." ಒಮ್ಮೆ ಹೊಲದ ಕಡೆ ನೋಡಿ, "ಸ್ವಲ್ಪ ಮೆಲ್ಲಕ ಮಾತಾಡ್ರಿ" ಎಂದು ಪಿಸುಗುಟ್ಟಿದರು.

ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ. ಪಿಸುಗುಟ್ಟಿದ್ದನ್ನು ಬರೆಯಲು ಮಾತ್ರ ನಮ್ಮ ಸಮೀಕ್ಷೆಯವರು ಫಾರ್ಮಿನಲ್ಲಿ ಜಾಗವನ್ನೇ ಬಿಟ್ಟಿರಲಿಲ್ಲ.