ಗೋವಿನಜೋಳದ ನಡುವೆ ಮೂರಡಿ

ಮೂವತ್ತು ವರ್ಷ ಹಿರೇಕೆರೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನಡೆದಾಡುವ ಸುಖದ ಬಗ್ಗೆ ಒಂದು ಪಾಠವಿತ್ತು. ಅದನ್ನು ಕಲಿಸುವಾಗ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತೆಂದು ಹಳೆಯ ವಿದ್ಯಾರ್ಥಿನಿಯರು ಈಗಲೂ ಹೇಳುತ್ತಾರೆ. ನಾನಾದರೋ ಮಾಸೂರಿನ ಮನೆಯಿಂದ ಬಸ್ ಸ್ಟ್ಯಾಂಡಿಗೂ ಗಂಡನ ಬೈಕಿನ ಹಿಂದೆ ಕೂತೇ ಹೋಗುತ್ತಿದ್ದೆ. ನಮ್ಮೂರ ಮದಗದ ಕೆರೆ ನೋಡಲು ಎಲ್ಲೆಲ್ಲಿಂದಲೋ ಮಂದಿ ಬರುತ್ತಾರೆ. ಕೆರೆ ನೋಡುವುದಕ್ಕೆಂದೇ ನಾನು ಹೋದದ್ದು ಎರಡು ಸಲ, ಎರಡೂ ಸಲ ಬೀಗರು ಬಂದಿದ್ದರು.

ಹೋದ ವರ್ಷ ಮಗಳ ಬಾಣಂತನಕ್ಕೆಂದು ಆ ಇಂಗ್ಲೆಂಡಿಗೇ ಹೋಗಬೇಕಾಯಿತು. ಮಗಳು, ಅಳಿಯ ಇಬ್ಬರೂ ಅಲ್ಲಿ ನರ್ಸುಗಳು. ಡರ್ಬಿಶೈರ್ ಎಂಬ ಗುಡ್ಡಗಾಡಿನ ಸಣ್ಣ ಊರಲ್ಲಿ ಮನೆ. ಅಂಟಿನುಂಡಿ, ಬಜೆ, ಅಜವಾನ ಎಲ್ಲ ಕಟ್ಟಿಕೊಂಡು ಹೋಗಿದ್ದೆ. ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟಕೂಡದೆಂದು ಮೊದಲ ದಿನವೇ ಹೇಳಿದ್ದೆ. ಹನ್ನೆರಡನೆಯ ದಿನ ಮಗಳು ಬೂಟು ಹಾಕಿಕೊಂಡು ನಿಂತಳು.

"ಎಲ್ಲಿಗೆ ಹೊಂಟಿ?"

"ವಾಕಿಂಗ್ ಅವ್ವಾ. ಡಾಕ್ಟರಾ ಹೇಳ್ಯಾರ."

"ಯಾವ ಡಾಕ್ಟರು? ಅವಗ ಅವ್ವ ಇಲ್ಲೇನು?"

ತಡೆಯಲಾಗಲಿಲ್ಲ. ಕಿವಿಗೆ ಹತ್ತಿಯನ್ನಾದರೂ ಇಡೋಣವೆಂದು ಬೆನ್ನು ಹತ್ತಿ ಹೋದವಳು ನಾನೂ ನಡೆದೆ. ಹಾಗೆ ನನ್ನ ವಾಕಿಂಗ್ ಶುರುವಾಯಿತು.

ಅಲ್ಲಿನವರು ನಡೆಯುವುದು ಎಲ್ಲಿಗೂ ಹೋಗುವುದಕ್ಕಲ್ಲ. ಒಂದು ಭಾನುವಾರ ಮಗಳು, ಅಳಿಯ ಎರಡು ತಾಸು ಗುಡ್ಡ ಹತ್ತಿಸಿ ನನಗೊಂದು ಬಂಡೆ ತೋರಿಸಿದರು. ಬಂಡೆಗೊಂದು ಹೆಸರು, ಹೆಸರಿಗೊಂದು ಬೋರ್ಡು. ಹತ್ತಾರು ಮಂದಿ ಕೋಲು ಊರಿಕೊಂಡು ಬಂದು ಅದರ ಮುಂದೆ ಕೂತು ಬ್ರೆಡ್ಡು ತಿನ್ನುತ್ತಿದ್ದರು. ನಮ್ಮಲ್ಲಾಗಿದ್ದರೆ ಅಷ್ಟು ದೊಡ್ಡ ಬಂಡೆಗೆ ಕುಂಕುಮ ಹಚ್ಚುತ್ತಿದ್ದರು, ಇಲ್ಲವೇ ಅದರ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಸುಮ್ಮನೆ ನೋಡಿ ವಾಪಸ್ ಹೋಗಿ ಅದಕ್ಕೆ ಅವಮಾನ ಮಾಡುತ್ತಿರಲಿಲ್ಲ. ಆದರೂ ಫೋಟೋ ತೆಗೆಸಿಕೊಂಡೆ.

ಜೂನ್ ತಿಂಗಳಲ್ಲಿ ಒಂದು ದಿನ ಅಳಿಯ ಕೂಸನ್ನು ಎದೆಗೆ ಕಟ್ಟಿಕೊಂಡು ಮುಂದೆ, ನಾನು ಸೀರೆಯ ಮೇಲೆ ಮಗಳ ಜಾಕೀಟು ತೊಟ್ಟು ಹಿಂದೆ ನಡೆದಿದ್ದೆವು. ಎದುರಿಗೆ ಗೋಧಿ ಹೊಲ. ಪೈರು ಮೊಣಕಾಲು ದಾಟಿ ನಿಂತಿತ್ತು. ಅದರ ನಟ್ಟನಡುವೆ, ಬೈತಲೆ ತೆಗೆದ ಹಾಗೆ ಒಂದು ಕಾಲುದಾರಿ. ಗೇಟಿನ ಮೇಲೆ ದಾರಿ ತೋರುವ ಬಾಣದ ಗುರುತು. ನಾನು ಅಲ್ಲೇ ನಿಂತೆ. ಯಾರದೋ ಹೊಲ, ಬೆಳೆದು ನಿಂತ ಪೈರು. ಬೈಸಿಕೊಳ್ಳುವುದಕ್ಕೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಅಷ್ಟರಲ್ಲಿ ಹೊಲದ ಯಜಮಾನನೇ ಸಣ್ಣ ಗಾಡಿಯಲ್ಲಿ ಬಂದ. ನಾನು ಅಳಿಯನ ಬೆನ್ನ ಮರೆಗೆ ಸರಿದೆ. ಆತ ಟೋಪಿ ಮುಟ್ಟಿ, ಗೇಟಿನ ಕೊಂಡಿ ಬಿಗಿಯಾಗಿದೆ, ಸ್ವಲ್ಪ ಎತ್ತಿ ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದ.

"ಈ ದಾರಿ ಅವರಜ್ಜನಕಿಂತಾ ಮೊದಲಿಂದ ಐತ್ರಿ ಅತ್ತೀ," ಎಂದ ಅಳಿಯ. "ಅದರ ಮ್ಯಾಲ ಬಿತ್ತಿದ್ರ ಮತ್ತ ಅವರಾ ಬಿಡಿಸಿಕೊಡಬೇಕು. ಮುಚ್ಚೂ ಹಂಗಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಳಿಯನಿಗೆ ಏನೂ ಗೊತ್ತಿರಲಿಲ್ಲ. ನನಗೆ ಮಾತ್ರ ಮುಖಕ್ಕೆ ಹೊಡೆದ ಹಾಗಾಯಿತು.

ಏಕೆಂದರೆ ಮಾಸೂರಿನಲ್ಲಿ ನಮ್ಮ ಹೊಲದ ನಡುವೆಯೂ ಒಂದು ಕಾಲುದಾರಿ ಇತ್ತು. ರಸ್ತೆಯ ಕಡೆಗೆ ನಮ್ಮ ಪಾಲು, ಅದರ ಹಿಂದೆ ಮೈದುನನ ಪಾಲು. ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಆ ದಾರಿಯಲ್ಲೇ ತನ್ನ ಹೊಲಕ್ಕೆ ಹೋಗುತ್ತಿದ್ದಳು. ಇದಕ್ಕೆ ಒಂಬತ್ತು ವರ್ಷ ಮೊದಲು, ತೀರಿಹೋದ ಅತ್ತೆಯ ವರ್ಷದ ಪೂಜೆಯ ದಿನ, ನಾನು ಮಾಡಿದ ಹೋಳಿಗೆ ಸಪ್ಪಗಾಗಿವೆ ಎಂದು ಅವಳು ಬಳಗದವರೆಲ್ಲರ ಮುಂದೆ ಅಂದುಬಿಟ್ಟಳು. ಸಪ್ಪಗಾಗಿದ್ದವು ಕೂಡ. ಆ ಮುಂಗಾರಿಗೆ ನನ್ನ ಗಂಡ, "ದಾರಿ ಬಿಟ್ಟು ಬಿತ್ತಲ್ಯಾ?" ಎಂದು ಕೇಳಿದರು. "ಪೂರ್ತಿ ಬಿತ್ತಿಬಿಡ್ರಿ," ಎಂದವಳು ನಾನು. ಅಂದಿನಿಂದ ಅಲ್ಲಿ ಗೋವಿನಜೋಳ. ಬೇಸಿಗೆಯಲ್ಲೂ ಯಾರೂ ಕಾಲಿಡದಂತೆ ಎರಡೂ ತುದಿಗೆ ಜಾಲಿ ಮುಳ್ಳು ಹಚ್ಚಿಸಿದ್ದೆ. ನೆಗೆಣ್ಣಿ ತಲೆಯ ಮೇಲೆ ಬುಟ್ಟಿ ಹೊತ್ತು ಕಾಲುವೆ ದಂಡೆಯ ಮೇಲೆ ಸುತ್ತು ಹಾಕಿ ಹೋಗುತ್ತಿದ್ದಳು. ಈಚೆಗೆ ಮೊಣಕಾಲು ನೋವು ಬಂದು ನಡುನಡುವೆ ಕೂರುತ್ತಿದ್ದಳು. ನಾನು ಕಿಟಕಿಯಿಂದ ನೋಡಿ ಪಾಪ ಎನ್ನುತ್ತಿದ್ದೆ. ಪಾಪ ಎನ್ನುವುದಕ್ಕೆ ಏನು ಖರ್ಚು?

ಊರಿಗೆ ಬಂದಾಗ ಆಗಸ್ಟ್. ಜೋಳ ಎದೆಯುದ್ದ ಬೆಳೆದಿತ್ತು. ದಾರಿ ಬಿಡಿಸೋಣ ಎಂದೆ. ಗಂಡ ನನ್ನ ಹಣೆ ಮುಟ್ಟಿ ನೋಡಿದರು.

"ಊರಿಗೆ ಉಪಕಾರ ಮಾಡಬ್ಯಾಡ, ಹೆಣಕ್ಕ ಸಿಂಗಾರ ಮಾಡಬ್ಯಾಡ ಅಂತಾರ. ಮುಚ್ಚು ಅಂದಾಕಿನೂ ನೀನಾ, ತಗಿ ಅನ್ನಾಕಿನೂ ನೀನಾ. ನಾ ಕೈ ಹಚ್ಚಂಗಿಲ್ಲ ನೋಡು."

ನಾನೇ ಕುಡಗೋಲು ಹಿಡಿದೆ. ಎರಡು ದಿನ ಕೊಯ್ದೆ. ಅಂಗೈಗೆ ಬೊಕ್ಕೆ ಬಂತು, ಸೊಂಟ ಹಿಡಿಯಿತು. ಆ ಕೊನೆಯಿಂದ ಈ ಕೊನೆಗೆ ಮೂರಡಿ ಅಗಲದ ದಾರಿ ತೆರೆದುಕೊಂಡಿತು. ಮುಳ್ಳು ಎಳೆದು ಸುಟ್ಟೆ. ನನ್ನ ಬಗ್ಗೆ ನನಗೇ ಬಹಳ ಗೌರವ ಉಂಟಾಯಿತು.

ಆ ಗೌರವವನ್ನು ಒಬ್ಬಳೇ ಇಟ್ಟುಕೊಳ್ಳಲಾಗಲಿಲ್ಲ. ಹಿರೇಕೆರೂರಿನ ಮಹಿಳೆಯರ ಸಂಘವೊಂದು ಇಂಗ್ಲೆಂಡಿನ ಅನುಭವ ಹೇಳಲು ಕರೆದಿತ್ತು. ಬಂಡೆಯ ಫೋಟೋ ತೋರಿಸಿದೆ, ಗೇಟಿನ ಫೋಟೋ ತೋರಿಸಿದೆ. ಕೊನೆಗೆ, ಬರೀ ನೋಡಿ ಬಂದರೆ ಸಾಲದು, ನನ್ನ ನೆಗೆಣ್ಣಿಗೆ ನನ್ನ ಹೊಲದಲ್ಲಿ ದಾರಿ ಬಿಟ್ಟುಕೊಟ್ಟಿದ್ದೇನೆ ಎಂದೆ. ಜೋರು ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು.

ದಾರಿಯಲ್ಲಿ ಊರೆಲ್ಲ ಓಡಾಡತೊಡಗಿತು. ಹುಲ್ಲಿನವರು ಬಂದರು, ಯಾರದೋ ಆಡುಗಳು ಬಂದು ಒಂದು ಸಾಲು ಜೋಳ ಮೇದು ಹೋದವು. ನೆಗೆಣ್ಣಿ ಮಾತ್ರ ಬರಲಿಲ್ಲ. ಅದೇ ಕಾಲುವೆ ದಂಡೆ, ಅದೇ ಬುಟ್ಟಿ, ಅಲ್ಲಲ್ಲಿ ಕೂತು ಮೊಣಕಾಲು ತಿಕ್ಕಿಕೊಳ್ಳುವುದು. ನನಗೆ ಸಿಟ್ಟು ಬಂತು. ಎಂಟು ದಿನ ನೋಡಿ, ಒಂದು ಮಧ್ಯಾಹ್ನ ಅವಳ ಮನೆಗೇ ಹೋದೆ. ಒಂಬತ್ತು ವರ್ಷದಲ್ಲಿ ಅದೇ ಮೊದಲು.

"ಬರ್ರಿ ಅಕ್ಕಾರ, ಕುಂದರ್ರಿ," ಎಂದಳು. ಚಾಪೆ ಹಾಸಿದಳು. ಚಹಾ ಮಾಡಿ ತಂದಿಟ್ಟಳು.

"ದಾರಿ ಬಿಡಿಸೇನಲ್ಲ, ಯಾಕ ಬರವಲ್ಲಿ?" ಎಂದೆ.

"ಹಿರೇಕೆರೂರಾಗ ಭಾಷಣಾ ಮಾಡಿದ್ರಂತ. ನೆಗೆಣ್ಣಿಗೆ ದಾರಿ ದಾನಾ ಕೊಟ್ಟೇನಿ ಅಂದ್ರಂತ."

"ದಾನಾ ಅಂದಿಲ್ಲ. ಬಿಟ್ಟುಕೊಟ್ಟೇನಿ ಅಂದೆ."

"ನಿಮ್ಮದಾಗಿದ್ರ ಬಿಟ್ಟುಕೊಡಬೌದಿತ್ರಿ. ಅದು ಊರ ನಕಾಶದಾಗ ಐತಿ. ನಾ ಮದಿವ್ಯಾಗಿ ಬಂದಾಗ ಅತ್ತಿ ಕೈ ಹಿಡಕೊಂಡು ಅದಾ ದಾರಿಲೆ ಹೊಲಾ ತೋರಿಸಿದ್ರು. ನಿಮಗೂ ಹಂಗಾ ತೋರಿಸಿರಬೇಕು."

ತೋರಿಸಿದ್ದರು. ಹಸಿರು ಬಳೆ ತೊಟ್ಟ ನನ್ನ ಕೈ ಹಿಡಿದುಕೊಂಡೇ ತೋರಿಸಿದ್ದರು.

"ಕೋರ್ಟಿಗೆ ಹೋಗು ಅಂತ ಎಷ್ಟು ಮಂದಿ ಹೇಳಿದ್ರು," ಎಂದಳು ನೆಗೆಣ್ಣಿ. ದನಿ ಏರಿರಲಿಲ್ಲ. "ನಾ ಹೋಗಲಿಲ್ಲ. ಅಕ್ಕಾರು ಕಲ್ತಾರ, ಒಂದಲ್ಲಾ ಒಂದಿನ ತಾವಾ ಬಂದು ತಪ್ಪಾತು ಅಂತಾರ ಅಂತ ಕಾದೆ. ನೀವು ನೋಡಿದ್ರ ಶಾಲು ಹೊದಿಸ್ಕೊಂಡು ಬಂದ್ರಿ."

ಮಕ್ಕಳ ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಿಂದ ತಪ್ಪು ಹಾಕುತ್ತಲೇ ನೌಕರಿ ಮುಗಿಸಿದವಳು ನಾನು. ಆ ಒಂದು ಮಾತು ನನ್ನ ಬಾಯಿಂದ ಬರಲು ಚಹಾ ಪೂರ್ತಿ ಆರುವಷ್ಟು ಹೊತ್ತು ಬೇಕಾಯಿತು. "ತಪ್ಪಾತು," ಎಂದೆ. ನಾಚಿಕೆಯಾಗಿತ್ತು, ಅಳು ಬಂದಿತ್ತು, ಎರಡೂ ನಿಜ. ಅವಳು ಬಟ್ಟಲು ಒಳಗೆ ಒಯ್ದು ಚಹಾ ಬಿಸಿ ಮಾಡಿಕೊಂಡು ಬಂದಳು.

ಮರುದಿನ ಬೆಳಿಗ್ಗೆ ನಾನು ದಾರಿಗೆ ಅಡ್ಡ ಬಿದ್ದ ದಂಟು ತೆಗೆಯುತ್ತಿದ್ದೆ. ರಸ್ತೆಯ ಕಡೆಯಿಂದ ಅವಳು ಬುಟ್ಟಿ ಹೊತ್ತು ನಿಧಾನವಾಗಿ ಬಂದಳು. ನನ್ನ ಮುಂದೆ ಬಂದು ನಿಂತಳು. ನಾನು ನಕ್ಕೆ, ಅವಳೂ ನಗಬಹುದೆಂದು ಕಾದೆ.

"ಸ್ವಲ್ಪ ಸರದು ನಿಂದರ್ರಿ ಅಕ್ಕಾರ," ಎಂದಳು.

ಬುಟ್ಟಿ ಹೊತ್ತವಳು ಬಂದರೆ ಮೂರಡಿಯಲ್ಲಿ ಇಬ್ಬರು ಹಿಡಿಯುವುದಿಲ್ಲ. ನಾನು ಜೋಳದ ಸಾಲಿನೊಳಗೆ ಸರಿದು ನಿಂತೆ.